ಯಾವ ಸರ್ಕಾರದ ಕರ್ತವ್ಯ?

— ಪೊಲೀಸ್ ಸಿನಿಮಾ ಅಂದ್ರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ, ಮಗಳೇ. ಇಡೀ ಸರ್ವೀಸು ಠಾಣೆಯಲ್ಲೇ ಕಳೆದವನಿಗೆ ಅದರಲ್ಲಿ ಕಾಣೋದು ಒಂದೇ ಕಥೆ. ಇನ್‌ಸ್ಪೆಕ್ಟರು ನಿಷ್ಠಾವಂತ. ರೌಡಿ ಅವನ ಮಗುವನ್ನ ಎತ್ತಿಕೊಂಡು ಹೋಗ್ತಾನೆ. ಇನ್‌ಸ್ಪೆಕ್ಟರು ಯೂನಿಫಾರ್ಮ್ ಬಿಚ್ಚಿಟ್ಟು ಹೊರಡ್ತಾನೆ. ಕರ್ತವ್ಯವೋ ಕುಟುಂಬವೋ ಅಂತ ಪೋಸ್ಟರಿನಲ್ಲಿ ಹಾಕಿರ್ತಾರೆ, ಕೊನೆಗೆ ನೋಡಿದ್ರೆ ಎರಡೂ ಉಳಿದಿರುತ್ತೆ. ನೀನಿರೋ ಪೋಲೆಂಡಿನವರು ಇದಕ್ಕಿಂತ ಬೇರೆ ಏನು ಮಾಡಿದ್ದಾರೆ ಹೇಳು.

— ಅಂಥವು ಅಲ್ಲೂ ಬೇಕಾದಷ್ಟಿವೆ ಚಿಕ್ಕಪ್ಪ. ಆದರೆ ಅಲ್ಲಿನ ಗ್ಯಾಂಗ್‌ಸ್ಟರ್ ಸಿನಿಮಾಗಳಿಗೆಲ್ಲ ಒಂದು ತಾಯಿಬೇರಿದೆ, 1992ರ ಸಿನಿಮಾ. ‘ಪ್ಸಿ’ ಅಂತ ಹೆಸರು, ನಾಯಿಗಳು ಅಂತ ಅರ್ಥ. ವ್ವಾದಿಸ್ವಾಫ್ ಪಾಸಿಕೋವ್ಸ್ಕಿ ನಿರ್ದೇಶಕ. ಅದರ ನಾಯಕ ಫ್ರಾಂಟ್ಸ್ ಮೌರೆರ್‌ಗೆ ಕುಟುಂಬವೂ ಕೈಬಿಟ್ಟಿದೆ, ಕರ್ತವ್ಯವೂ ಕೈಬಿಟ್ಟಿದೆ. ಕಥೆ ಶುರುವಾಗೋದೇ ಅಲ್ಲಿಂದ.

— ಹೆಂಡತಿ ಬಿಟ್ಟುಹೋದಳು ಅನ್ನು, ಅರ್ಥವಾಗುತ್ತೆ. ಕರ್ತವ್ಯ ಹೇಗೆ ಕೈಬಿಡುತ್ತೆ? ನಾವು ಅದನ್ನ ಬಿಡಬಹುದು, ಅದು ನಮ್ಮನ್ನ ಬಿಡೋಕಾಗುತ್ತಾ?

— ಸರ್ಕಾರವೇ ಬದಲಾದರೆ? ಪಕ್ಷ ಬದಲಾಗೋದಲ್ಲ ನಾನು ಹೇಳ್ತಿರೋದು, ಇಡೀ ವ್ಯವಸ್ಥೆ. 1989ರ ಜೂನ್ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತರು, ಅವರನ್ನ ಎದುರಿಸಿದ್ದ ಕಾರ್ಮಿಕ ಸಂಘಟನೆ ಸಾಲಿಡಾರಿಟಿಯವರು ಗೆದ್ದರು. ನಿನ್ನೆಯವರೆಗೆ ಯಾರ ಮನೆ ಮುಂದೆ ಗುಪ್ತ ಪೊಲೀಸರು ಕಾವಲು ಕೂತಿದ್ದರೋ, ಯಾರ ಫೋನ್ ಕದ್ದು ಕೇಳ್ತಿದ್ದರೋ, ಅವರೇ ಮಂತ್ರಿಗಳಾದರು. ಆ ಗುಪ್ತ ಪೊಲೀಸಿಗೆ ಎಸ್‌ಬಿ ಅಂತಿದ್ದರು. ಸುಮಾರು 24 ಸಾವಿರ ಜನ ಇದ್ದರು ಅದರಲ್ಲಿ. 1990ರಲ್ಲಿ ಅದನ್ನ ಮುಚ್ಚಿದರು. ಮತ್ತೆ ಕೆಲಸ ಬೇಕು ಅಂದವರು ಒಂದು ಪರಿಶೀಲನಾ ಸಮಿತಿ ಮುಂದೆ ನಿಲ್ಲಬೇಕಾಗಿತ್ತು. ಸುಮಾರು 14 ಸಾವಿರ ಮಂದಿ ನಿಂತರು, ಹತ್ತು ಸಾವಿರದಷ್ಟು ಮಂದಿ ಪಾಸಾದರು. ‘ಪ್ಸಿ’ಯಲ್ಲಿ ಆ ಸಮಿತಿಯ ದೃಶ್ಯ ಬರುತ್ತೆ. ಫ್ರಾಂಟ್ಸ್ ಪಾಸಾಗಿ ಸಾಮಾನ್ಯ ಪೊಲೀಸಿಗೆ ಬರ್ತಾನೆ. ಅವನ ಆಪ್ತ ಗೆಳೆಯ ಓಲೋ ಫೇಲಾಗ್ತಾನೆ. ಓಲೋಗೆ ಗೊತ್ತಿರೋ ಕೆಲಸ ಅದೊಂದೇ. ಹೊಸದಾಗಿ ಎದ್ದ ಡ್ರಗ್ಸ್ ಗ್ಯಾಂಗು ಅವನನ್ನ ಕೈ ಹಿಡಿದು ಒಳಗೆ ಕರ್ಕೊಳ್ಳುತ್ತೆ. ಆ ಗ್ಯಾಂಗಿನ ಮೇಲಿರೋನೂ ಹಳೆಯ ಎಸ್‌ಬಿ ಅಧಿಕಾರಿಯೇ.

— ಅಂದ್ರೆ ಇಬ್ಬರ ತರಬೇತಿಯೂ ಒಂದೇ, ಇಬ್ಬರು ಮಾಡಿದ ಪಾಪವೂ ಒಂದೇ. ಒಬ್ಬ ಪೊಲೀಸು, ಒಬ್ಬ ಕಳ್ಳ.

— ಒಂದು ಸಮಿತಿಯ ಒಂದು ಮಧ್ಯಾಹ್ನದ ತೀರ್ಮಾನದಿಂದ. ಹಾಗಿದ್ದ ಮೇಲೆ ಫ್ರಾಂಟ್ಸ್ ‘ನನ್ನ ಕರ್ತವ್ಯ’ ಅಂತ ಯಾವುದನ್ನ ಹೇಳ್ತಾನೆ? ಯಾವ ಸರ್ಕಾರಕ್ಕೆ ಮಾಡಿದ ಪ್ರಮಾಣವನ್ನ ಉಳಿಸಿಕೊಳ್ತಾನೆ? ನಮ್ಮ ಸಿನಿಮಾದ ಇನ್‌ಸ್ಪೆಕ್ಟರು ಹೆಂಡತಿಗೆ ‘ಡ್ಯೂಟಿ ಮೊದಲು’ ಅಂದಾಗ ಆ ಮಾತಿನ ಕೆಳಗೆ ಗಟ್ಟಿ ನೆಲ ಇರುತ್ತೆ. ಡಿಪಾರ್ಟ್‌ಮೆಂಟು ಕೆಟ್ಟಿದ್ದರೂ ಕಾನೂನು ಕೆಟ್ಟಿಲ್ಲ ಅನ್ನೋ ನಂಬಿಕೆ. ಫ್ರಾಂಟ್ಸ್‌ಗೆ ಆ ನೆಲ ಇಲ್ಲ. ಮನೆ ಹಾಳಾಗಿದ್ದಕ್ಕೆ ಅವನು ಡ್ಯೂಟಿಯನ್ನ ನೆಪ ಹೇಳೋಕೂ ಆಗಲ್ಲ. ಅಲ್ಲಿನ ಒಳ್ಳೆಯ ಸಿನಿಮಾಗಳ ಶಕ್ತಿ ಇರೋದೇ ಇಲ್ಲಿ ಅಂತ ನನಗನಿಸುತ್ತೆ.

— ನಿಲ್ಲು. ಎಸ್‌ಬಿಯವನನ್ನ ನಾಯಕ ಮಾಡಿದರೆ ಅಲ್ಲಿನ ಜನ ಸುಮ್ಮನಿದ್ದರಾ?

— ಎಲ್ಲಿ ಸುಮ್ಮನಿದ್ದರು! ಅದರಲ್ಲೂ ಒಂದು ದೃಶ್ಯಕ್ಕೆ ದೊಡ್ಡ ಗಲಾಟೆಯಾಯ್ತು. ಅದಕ್ಕೊಂದು ಹಿನ್ನೆಲೆ ಹೇಳಬೇಕು. 1970ರ ಡಿಸೆಂಬರಿನಲ್ಲಿ ಗ್ದಿನಿಯಾ ಬಂದರಿನಲ್ಲಿ ಕೆಲಸಕ್ಕೆ ಹೊರಟಿದ್ದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತ ಒಬ್ಬ ಹದಿನೆಂಟರ ಹುಡುಗನನ್ನ ಜನ ಒಂದು ಬಾಗಿಲ ಹಲಗೆ ಮೇಲೆ ಮಲಗಿಸಿಕೊಂಡು ಊರಿನ ಬೀದೀಲಿ ಮೆರವಣಿಗೆ ಹೋದರು. ಆ ಸಾವಿನ ಮೇಲೆ ಒಂದು ಲಾವಣಿ ಹುಟ್ಟಿತು. ಆಂದ್ರೇ ವಾಯ್ದಾ 1981ರಲ್ಲಿ ‘ಉಕ್ಕಿನ ಮನುಷ್ಯ’ ಸಿನಿಮಾದಲ್ಲಿ ಅದನ್ನ ಬಳಸಿದ. ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಬಹುಮಾನ ಪಡೆದ ಸಿನಿಮಾ ಅದು. ಆ ಲಾವಣಿ ಅವರಿಗೆ ಪ್ರಾರ್ಥನೆ ಇದ್ದ ಹಾಗೆ. ಪಾಸಿಕೋವ್ಸ್ಕಿ ಏನು ಮಾಡಿದ ಗೊತ್ತಾ? ಎಸ್‌ಬಿಯವರು ಕಂಠಪೂರ್ತಿ ಕುಡಿದು, ಪ್ರಜ್ಞೆ ತಪ್ಪಿದ ತಮ್ಮವನೊಬ್ಬನನ್ನ ಹೆಗಲ ಮೇಲೆ ಹೊತ್ತು, ಅದೇ ಧಾಟಿಯಲ್ಲಿ ಹಾಡ್ತಾ ಹೋಗ್ತಾರೆ.

— ಅದು ತಪ್ಪು. ಸತ್ತವರ ವಿಷಯದಲ್ಲಿ ಅಂಥ ಆಟ ಆಡಬಾರದು.

— ಅಲ್ಲಿ ಎಷ್ಟೋ ಜನ ಇದೇ ಮಾತು ಹೇಳಿದರು. ನನಗೂ ನೋಡುವಾಗ ಹೊಟ್ಟೆ ತೊಳಸಿದ ಹಾಗಾಯ್ತು. ಆದರೆ ನಿರ್ದೇಶಕ ಹುತಾತ್ಮರನ್ನ ಅವಮಾನ ಮಾಡ್ತಿಲ್ಲ ಅಂತ ನನ್ನ ಅಭಿಪ್ರಾಯ. ಗುಂಡು ಹೊಡೆಸಿದ ಪಕ್ಷದ ಜನಕ್ಕೆ ತಮ್ಮದು ಅಂತ ಅಳೋಕೂ ಒಂದು ಹಾಡಿಲ್ಲ. ಎದುರಾಳಿಗಳ ಹಾಡನ್ನೇ ಕದ್ದು ಅಳ್ತಾರೆ. ಅವರಿಗಿರೋ ಕುಟುಂಬ ಅದೊಂದೇ, ಆ ಕುಡುಕರ ಗುಂಪು. ಹೆಂಡತಿ ಮಕ್ಕಳಲ್ಲ, ಜೊತೆಗೆ ಫೈಲು ಸುಟ್ಟವರು. ಫೈಲುಗಳಿಗೆ ಬೆಂಕಿ ಇಡೋ ದೃಶ್ಯವೂ ಇದೆ ಅದರಲ್ಲಿ.

— ಜೊತೆಗೆ ಫೈಲು ಸುಟ್ಟವರು... ಅದು ಸರಿಯಾಗಿ ಹೇಳಿದೆ. ಬ್ಯಾಚ್‌ಮೇಟ್ ಅನ್ನೋ ಸಂಬಂಧ ಹೊರಗಿನವರಿಗೆ ತಿಳಿಯಲ್ಲ. ನಿನ್ನ ಚಿಕ್ಕಮ್ಮನಿಗೆ ಹೇಳದ ಎಷ್ಟೋ ವಿಷಯ ನನ್ನ ಬ್ಯಾಚಿನವನೊಬ್ಬನಿಗೆ ಗೊತ್ತು. ನನ್ನದೇ ಯಾಕೆ, ಬಹಳ ಜನ ಪೊಲೀಸರ ಮನೇಲಿ ಹಾಗೇ. ಅಂದ್ರೆ ಫ್ರಾಂಟ್ಸ್‌ಗೆ ಓಲೋನೇ ಮನೆ.

— ಹೌದು. ಅದಕ್ಕೇ ಕೊನೆಯಲ್ಲಿ ಫ್ರಾಂಟ್ಸ್ ಓಲೋಗೆ ಗುಂಡು ಹೊಡೆದಾಗ ಪೊಲೀಸು ಅಪರಾಧಿಯನ್ನ ಕೊಂದ ಅಂತ ಅನಿಸಲ್ಲ. ತನ್ನ ಮನೆಯನ್ನ ತಾನೇ ಮುಗಿಸಿದ ಅಂತ ಅನಿಸುತ್ತೆ. ಅದಕ್ಕೆ ಜೈಲಿಗೂ ಹೋಗ್ತಾನೆ. ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಮುಚ್ಚಿಡಬಾರದು. ಆಂಗೆಲಾ ಅಂತ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಬರ್ತಾಳೆ ಅದರಲ್ಲಿ. ಮೊದಲು ಫ್ರಾಂಟ್ಸ್ ಜೊತೆ, ಆಮೇಲೆ ಓಲೋ ಜೊತೆ. ಸಿನಿಮಾ ಅವಳನ್ನ ನಡೆಸಿಕೊಳ್ಳೋ ರೀತಿ ನನಗೆ ಸಹಿಸೋಕಾಗಲ್ಲ. ಅವಳಿಗೆ ಸ್ವಂತ ಮನಸ್ಸಿದೆ ಅಂತಲೇ ಅದು ನಂಬಲ್ಲ, ಇಬ್ಬರು ಗಂಡಸರ ನಡುವಿನ ದ್ರೋಹವನ್ನ ಅಳೆಯೋಕೆ ಅವಳನ್ನ ಇಟ್ಟಿದ್ದಾರೆ. ಆಕೆಯನ್ನ ಬೈಯೋ ಮಾತುಗಳನ್ನ ಅಲ್ಲಿನ ಗಂಡಸರು ಇವತ್ತಿಗೂ ಡೈಲಾಗ್ ಅಂತ ಹೇಳಿಕೊಂಡು ಓಡಾಡ್ತಾರೆ. ಮನೆ ಕಳೆದುಕೊಂಡವನ ನೋವನ್ನ ಅಷ್ಟು ಸೂಕ್ಷ್ಮವಾಗಿ ಹಿಡಿದ ಸಿನಿಮಾಕ್ಕೆ ಮನೆಯೊಳಗಿನ ಹೆಂಗಸಿನ ಮುಖ ಕಾಣಿಸಲಿಲ್ಲ. ಅಲ್ಲಿನ ಬಹಳಷ್ಟು ಗ್ಯಾಂಗ್‌ಸ್ಟರ್ ಸಿನಿಮಾಗಳಿಗೆ ಆ ಕುರುಡು ಅಂಟಿಕೊಂಡೇ ಬಂತು.

— ನಿಜಕ್ಕೂ ಅಂಥ ಗ್ಯಾಂಗುಗಳು ಇದ್ದವಾ? ಅಥವಾ ಸಿನಿಮಾದವರು ಕಟ್ಟಿದ್ದಾ?

— ಇದ್ದವು. ವಾರ್ಸಾ ಪಕ್ಕದಲ್ಲಿ ಪ್ರುಷ್ಕುಫ್, ವೊವೋಮಿನ್ ಅಂತ ಎರಡು ಸಣ್ಣ ಪಟ್ಟಣ. ತೊಂಬತ್ತರ ದಶಕದಲ್ಲಿ ಆ ಎರಡು ಹೆಸರು ಕೇಳಿದರೆ ಜನ ನಡುಗ್ತಿದ್ದರು. ಕಾರು ಕಳವು, ಸುಂಕ ತಪ್ಪಿಸಿದ ಸಾರಾಯಿ, ಆಂಫೆಟಮಿನ್, ಅಂಗಡಿ ಹೋಟೆಲಿನವರಿಂದ ಹಫ್ತಾ. ಮಾರುಕಟ್ಟೆ ಬಾಗಿಲು ಒಮ್ಮೆಗೇ ತೆರೀತು, ಕಾನೂನು ಹಿಂದೆ ಉಳೀತು. 1999ರ ಮಾರ್ಚ್ ಕೊನೆಯಲ್ಲಿ ವಾರ್ಸಾದ ‘ಗಾಮಾ’ ಅನ್ನೋ ಹೋಟೆಲಿಗೆ ನುಗ್ಗಿ ವೊವೋಮಿನ್ ಗ್ಯಾಂಗಿನ ನಾಯಕನೂ ಸೇರಿ ಐದು ಜನರನ್ನ ಕೊಂದರು. ಅದೇ ವರ್ಷ ಡಿಸೆಂಬರಿನಲ್ಲಿ ಪ್ರುಷ್ಕುಫ್ ಕಡೆಯ ‘ಪೆರ್ಷಿಂಗ್’ ಜಾಕೊಪಾನೆ ಅನ್ನೋ ಬೆಟ್ಟದೂರಿನಲ್ಲಿ ಗುಂಡಿಗೆ ಬಿದ್ದ. ಅದಕ್ಕಿಂತ ದೊಡ್ಡದು ಅದರ ಹಿಂದಿನ ವರ್ಷದ್ದು. 1998ರ ಜೂನ್ 25ರ ರಾತ್ರಿ ಜನರಲ್ ಮಾರೆಕ್ ಪಾಪವಾ ಅವರ ಕೊಲೆ. ಆ ವರ್ಷದ ಆರಂಭದವರೆಗೂ ಇಡೀ ದೇಶದ ಪೊಲೀಸ್ ಮುಖ್ಯಸ್ಥರಾಗಿದ್ದವರು. ತಮ್ಮ ಫ್ಲ್ಯಾಟಿನ ಕೆಳಗೆ, ಕಾರು ನಿಲ್ಲಿಸೋ ಜಾಗದಲ್ಲಿ.

— ಡಿಜಿಪಿ ಆಗಿದ್ದವರನ್ನ? ಮನೆ ಬಾಗಿಲಲ್ಲಿ?

— ಮನೆ ಬಾಗಿಲಲ್ಲೇ. ಆಮೇಲೆ ಕೊಲೆ ಮಾಡಿಸಿದರು ಅಂತ, ಕೊಂದರು ಅಂತ ಬೇರೆ ಬೇರೆ ಜನರ ಮೇಲೆ ಕೇಸು ನಡೀತು, ಎಲ್ಲ ಖುಲಾಸೆ.

— ಮೇಲಿನವರ ಗತಿಯೇ ಇದು ಅಂದ ಮೇಲೆ ಒಬ್ಬ ಸಬ್ ಇನ್‌ಸ್ಪೆಕ್ಟರು ರಾತ್ರಿ ರೌಂಡ್ಸ್ ಮುಗಿಸಿ ಮನೆಗೆ ಹೋಗುವಾಗ ಏನು ಯೋಚನೆ ಮಾಡ್ತಿದ್ದ ಅಂತ ನನಗೆ ಗೊತ್ತು ಮಗಳೇ. ಅವನಿಗೆ ತನ್ನ ಭಯ ಇರಲ್ಲ. ಲೈಟು ಹಾಕಿದೆಯಾ, ಕಿಟಕಿ ಮುಚ್ಚಿದೆಯಾ ಅಂತ ದೂರದಿಂದಲೇ ನೋಡ್ತಾ ಬರ್ತಾನೆ.

— ಅದೇ ಕಾಲದಲ್ಲಿ ಅವರು ಒಂದು ಕಾನೂನು ತಂದರು, 1997ರಲ್ಲಿ. ನಮ್ಮ ಮಾಫಿ ಸಾಕ್ಷಿ ಇದ್ದ ಹಾಗೆ. ಗ್ಯಾಂಗಿನ ಒಳಗಿನವನು ಎಲ್ಲ ಬಾಯಿಬಿಟ್ಟರೆ ಶಿಕ್ಷೆ ಇಲ್ಲ. ಗ್ಯಾಂಗು ಕಟ್ಟಿ ನಡೆಸಿದವನಿಗೂ ಕೊಲೆ ಮಾಡಿದವನಿಗೂ ಆ ಅವಕಾಶ ಇಲ್ಲ.

— ಮಾಫಿ ಸಾಕ್ಷಿಯನ್ನ ನಾನು ನೋಡಿದ್ದೀನಿ. ನಮ್ಮಲ್ಲಿ ಜಾಮೀನು ಸಿಕ್ಕಿರದಿದ್ದರೆ ವಿಚಾರಣೆ ಮುಗಿಯೋವರೆಗೂ ಅವನನ್ನ ಒಳಗೇ ಇಟ್ಟಿರ್ತಾರೆ. ಅವನ ಹೆಂಡತಿ ಮಕ್ಕಳು ಊರಲ್ಲಿ ಹೇಗಿದ್ದಾರೆ ಅಂತ ಯಾರೂ ಕೇಳಲ್ಲ.

— ಅಲ್ಲಿ ಕೇಳಿದರು. ಅವನ ಜೊತೆ ಹೆಂಡತಿ ಮಕ್ಕಳನ್ನೂ ಬೇರೆ ಊರಿಗೆ ಸಾಗಿಸೋದು, ಹೊಸ ಹೆಸರು, ಹೊಸ ಗುರುತಿನ ಚೀಟಿ, ಖರ್ಚಿಗೆ ಹಣ, ಪೊಲೀಸ್ ಕಾವಲು. ಪ್ರುಷ್ಕುಫ್ ಗ್ಯಾಂಗಿನ ‘ಮಾಸಾ’ ಅನ್ನೋನು ಹಾಗೆ ಬಾಯಿಬಿಟ್ಟ, ಆ ಗ್ಯಾಂಗಿನ ಮುಖ್ಯಸ್ಥರು ಜೈಲಿಗೆ ಹೋದರು. ಆ ಘಟನೆಯಿಂದ ಪ್ರೇರಣೆ ಪಡೆದು 2007ರಲ್ಲಿ ಒಂದು ಟಿವಿ ಧಾರಾವಾಹಿ ಬಂತು, ‘ಒದ್ವ್ರುಚೆನಿ’. ಹದಿಮೂರು ಕಂತು. ಗ್ಯಾಂಗಿನ ಬ್ಲಾಖಾ ಒಬ್ಬ, ಅವನಿಂದ ಹೇಳಿಕೆ ಪಡೆಯೋ ಪೊಲೀಸ್ ಅಧಿಕಾರಿ ಸಿಕೋರಾ ಇನ್ನೊಬ್ಬ. ನೀವು ಒಂದೇ ಒಂದು ನೋಡೋದಾದರೆ ಇದನ್ನ ನೋಡಬೇಕು ಚಿಕ್ಕಪ್ಪ.

— ಯಾಕೆ, ‘ಪ್ಸಿ’ಗಿಂತ ಚೆನ್ನಾಗಿದೆಯಾ?

— ಸಿನಿಮಾ ಅಂತ ನೋಡಿದರೆ ‘ಪ್ಸಿ’ಯೇ ಮೇಲು. ಆದರೆ ನಾವು ಮಾತಾಡ್ತಿರೋ ವಿಷಯಕ್ಕೆ ಇದು ಹತ್ತಿರ. ಒಬ್ಬ ಅಧಿಕಾರಿ ತನ್ನ ಮನೆಯ ಹೊತ್ತನ್ನೆಲ್ಲ ತೆಗೆದು ಒಬ್ಬ ಅಪರಾಧಿಯ ಸಂಸಾರವನ್ನ ಕಾಪಾಡಬೇಕು. ಬ್ಲಾಖಾ ಬದುಕಿರಬೇಕು, ಅವನ ಹೆಂಡತಿಗೆ ಧೈರ್ಯ ಕುಸಿಯಬಾರದು, ಮಕ್ಕಳು ಬಾಯಿ ತಪ್ಪಿ ಹಳೆಯ ಹೆಸರು ಹೇಳಬಾರದು. ಅದಕ್ಕೆಲ್ಲ ಸಿಕೋರಾ ಜವಾಬ್ದಾರ. ಕಾನೂನಿನ ಪ್ರಕಾರ ಪೂರ್ತಿ ಸರಿ. ಆದರೆ ಅಪರಾಧಿಯ ಮಗುವಿಗೆ ಸಿಕ್ಕ ಗಮನ ಪೊಲೀಸಿನ ಮಗುವಿಗೆ ಸಿಗಲ್ಲ. ಇಲ್ಲಿ ರೌಡಿ ಯಾರ ಮಗುವನ್ನೂ ಎತ್ತಿಕೊಂಡು ಹೋಗಬೇಕಾಗಿಲ್ಲ, ಸಂಬಳ ಕೊಡೋ ಸರ್ಕಾರವೇ ಅಪ್ಪನನ್ನ ಎತ್ತಿಕೊಂಡು ಹೋಗಿದೆ. 2019ರಲ್ಲಿ ಅದರ ಮುಂದುವರಿಕೆ ಬಂತು. ಅದರ ಹೆಸರಲ್ಲೇ ಅಪ್ಪಂದಿರು, ಹೆಣ್ಣುಮಕ್ಕಳು ಅಂತ ಸೇರಿಸಿದರು. ಹನ್ನೆರಡು ವರ್ಷ ತಡವಾದರೂ ಯಾರ ಕಥೆ ಬಾಕಿ ಇದೆ ಅಂತ ಅವರಿಗೆ ಹೊಳೀತು.

— ಒಂದು ಮಾತು ಒಪ್ಪಲ್ಲ ನಾನು. ಸರ್ಕಾರ ಎತ್ತಿಕೊಂಡು ಹೋಯ್ತು ಅಂದೆ. ಯಾರೂ ಎತ್ತಿಕೊಂಡು ಹೋಗಲ್ಲ. ಹೋಗೋನು ನಾನೇ. ಸ್ಪೆಷಲ್ ಟೀಮಿಗೆ ಹೆಸರು ಕೊಡ್ತೀರಾ ಅಂತ ಎಸ್‌ಪಿ ಕೇಳಿದಾಗ, ಮನೇಲಿ ಕೇಳಿ ಹೇಳ್ತೀನಿ ಸಾರ್ ಅಂದವರನ್ನ ನಾನು ಕಾಣೆ. ಅಲ್ಲೇ ಎಸ್ ಸಾರ್ ಅಂತಾರೆ. ಮನೆಗೆ ಬಂದು ಹಾಕಿದ್ದಾರೆ ಅಂತಾರೆ. ಹಾಕಿದ್ದಾರೆ, ಕಳಿಸಿದ್ದಾರೆ, ಬಂದೋಬಸ್ತ್ ಬಿದ್ದಿದೆ. ಎಲ್ಲ ಇನ್ಯಾರೋ ಮಾಡಿದ ಹಾಗೆ.

— ಹಾಗಾದರೆ ನಡುವೆ ಸಿಕ್ಕು ಒದ್ದಾಡೋದು ಅನ್ನೋದೇ ಸುಳ್ಳು ಅಂತೀರಾ?

— ಒದ್ದಾಟ ಸುಳ್ಳಲ್ಲ. ಆದರೆ ಅದು ತೀರ್ಮಾನ ಆದಮೇಲೆ ಬರುತ್ತೆ. ಸಿನಿಮಾದಲ್ಲಿ ಮುಂಚೆ ಬರುತ್ತೆ.

— ಪಾತ್ರಿಕ್ ವೇಗಾ 2005ರಲ್ಲಿ ಮಾಡಿದ ‘ಪಿಟ್‌ಬುಲ್’ ಈ ಮಾತನ್ನ ಒಪ್ಪುತ್ತೆ ಅನಿಸುತ್ತೆ. ಅದಕ್ಕೂ ಮುಂಚೆ ಆತ ವಾರ್ಸಾದ ಕೊಲೆ ತನಿಖಾ ವಿಭಾಗದ ಪೊಲೀಸರ ಮೇಲೆ ಸಾಕ್ಷ್ಯಚಿತ್ರ ಸರಣಿ ಮಾಡಿದ್ದ. ಹಾಗಾಗಿ ‘ಪಿಟ್‌ಬುಲ್’ನಲ್ಲಿ ಪೊಲೀಸರು ತೀರಾ ಮಾಮೂಲಿ ಮನುಷ್ಯರು. ಡೆಸ್ಪೆರೊ, ಗೆಬೆಲ್ಸ್, ಕುಡಿತಕ್ಕೆ ಬಿದ್ದ ಮೆತಿಲ್. ಮುರಿದ ಸಂಸಾರದ ಬಗ್ಗೆ ಯಾರೂ ಭಾಷಣ ಮಾಡಲ್ಲ, ಅದು ಅವರ ಮೈಮೇಲಿನ ಮಾಸಿದ ಕೋಟಿನ ಹಾಗೆ ಇರುತ್ತೆ ಅಷ್ಟೆ. ಆಮೇಲೆ 2016ರಿಂದ ವೇಗಾ ಅದೇ ಹೆಸರಿನಲ್ಲಿ ಮಾಡಿದ ಸಿನಿಮಾಗಳು ಬರೀ ರಕ್ತ, ಬರೀ ಬೈಗುಳ. ಅವುಗಳ ಬಗ್ಗೆ ಮಾತು ಬೇಡ.

— ಎನ್‌ಕೌಂಟರ್ ಗಿನ್‌ಕೌಂಟರ್ ಇಲ್ಲವಾ ಅಲ್ಲಿ?

— 2003ರ ಮಾರ್ಚ್ 5 ಮತ್ತು 6ರ ನಡುವಿನ ರಾತ್ರಿ ವಾರ್ಸಾ ಹತ್ತಿರದ ಮಾಗ್ದಲೆಂಕಾ ಅನ್ನೋ ಹಳ್ಳಿಯಲ್ಲಿ ಒಂದು ದಾಳಿ ನಡೀತು. ಹಿಂದಿನ ವರ್ಷ ಒಬ್ಬ ಪೊಲೀಸನನ್ನ ಕೊಂದ ಕೇಸಿನ ಇಬ್ಬರು ಆ ಮನೇಲಿ ಅಡಗಿದ್ದರು. ಮನೆ ಸುತ್ತ ಸ್ಫೋಟಕ ಹುಗಿದಿದ್ದರು. ವಿಶೇಷ ಪಡೆಯ ಇಬ್ಬರು ಸತ್ತರು, ಬಹಳ ಜನ ಗಾಯಗೊಂಡರು. ಒಳಗಿದ್ದ ಇಬ್ಬರೂ ಸತ್ತರು. ಸರಿಯಾದ ತಯಾರಿ ಇಲ್ಲದೆ ಹುಡುಗರನ್ನ ನುಗ್ಗಿಸಿದರು ಅಂತ ಕಾರ್ಯಾಚರಣೆ ನಡೆಸಿದ ಅಧಿಕಾರಿಗಳ ಮೇಲೆ ಕೇಸಾಯ್ತು. ವರ್ಷಗಟ್ಟಲೆ ನಡೆದು ಕೊನೆಗೆ ಖುಲಾಸೆಯಾಯ್ತು.

— ಸತ್ತ ಹುಡುಗರ ಮನೆಯವರಿಗೆ ಅಲ್ಲಿಗೆ ಮುಗೀತಾ?

— ಅದನ್ನ ಇಟ್ಟುಕೊಂಡು ಯಾರಾದರೂ ಸಿನಿಮಾ ಮಾಡಬೇಕು. ನಾನು ಇನ್ನೊಂದು ಹೇಳಬೇಕು ಅಂತಿದ್ದೆ, 2021ರ ‘ಫುರಿಯೋಜಾ’. ಫುಟ್‌ಬಾಲ್ ಅಭಿಮಾನಿಗಳ ಹೆಸರಿನಲ್ಲಿ ಹೊಡೆದಾಡೋ ಗುಂಪು, ಅದರೊಳಗೆ ಡ್ರಗ್ಸ್ ವ್ಯಾಪಾರ. ಗುಂಪಿನ ನಾಯಕನ ತಮ್ಮ ಒಬ್ಬ ಡಾಕ್ಟರು, ಅದರಿಂದ ದೂರ ಬಂದು ಬದುಕು ಕಟ್ಟಿಕೊಂಡಿದ್ದಾನೆ. ಅವನ ಹಳೆಯ ಪ್ರೇಯಸಿ ಈಗ ಪೊಲೀಸ್ ಅಧಿಕಾರಿ. ಬಂದು ಹೇಳ್ತಾಳೆ: ನೀನು ಗುಂಪಿನೊಳಗೆ ಹೋಗಿ ಸುದ್ದಿ ಕೊಡು, ಇಲ್ಲದಿದ್ದರೆ ನಿನ್ನ ಅಣ್ಣ ಜೈಲಲ್ಲಿ ಕೊಳೀತಾನೆ. ಇಲ್ಲಿ ಕರ್ತವ್ಯ ಪೊಲೀಸಿನ ಸ್ವಂತ ಮನೆಯನ್ನ ತಿನ್ನಲ್ಲ, ಬೇರೆಯವರ ಮನೆಯನ್ನ ತಿನ್ನುತ್ತೆ.

— ...

— ಯಾಕೆ ಸುಮ್ಮನಾದಿರಿ?

— ತಮ್ಮನನ್ನ ಕರೆಸಿ ಬೆಂಚಿನ ಮೇಲೆ ಕೂರಿಸಿ, ಅಣ್ಣ ತಾನಾಗೇ ಬರ್ತಾನೆ. ಇದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ. ವಯಸ್ಸಾದ ತಾಯಿಯನ್ನ ಕೂರಿಸಿದ್ದೂ ಉಂಟು. ಕಾನೂನಲ್ಲಿ ಅದಕ್ಕೆ ಜಾಗ ಇಲ್ಲ. ಆದರೂ ಪೊಲೀಸಿನವನಿಗೆ ಕುಟುಂಬದ ಬೆಲೆ ಗೊತ್ತಿಲ್ಲ ಅನ್ನಬೇಡ. ಚೆನ್ನಾಗಿ ಗೊತ್ತು. ಎಲ್ಲಿ ಒತ್ತಿದರೆ ನೋಯುತ್ತೆ ಅಂತ ತನ್ನ ಮನೆಯಿಂದಲೇ ಕಲಿತಿರ್ತಾನೆ.

— ಇದನ್ನ ಯಾವ ಸಿನಿಮಾದವರೂ ಇಷ್ಟು ನೇರವಾಗಿ ಹೇಳಲ್ಲ ಚಿಕ್ಕಪ್ಪ. ‘ಫುರಿಯೋಜಾ’ ಕೂಡ ಆ ಹೆಂಗಸಿನ ಒಳಗೆ ಅಷ್ಟು ದೂರ ಹೋಗಲ್ಲ, ಹೊಡೆದಾಟದ ಕಡೆ ಹೊರಳಿಕೊಳ್ಳುತ್ತೆ.

— ಎಲ್ಲ ಬಿಟ್ಟು ಮನೆಯನ್ನೇ ಆರಿಸಿಕೊಂಡವನ ಕಥೆ ಯಾರೂ ಮಾಡಲಿಲ್ಲವಾ? ಬೇಡಪ್ಪ ಈ ಡ್ಯೂಟಿ, ಈ ರಾಜಕೀಯ ಅಂತ?

— ಮಾಡಿದ್ದಾರೆ. ಪೊಲೀಸ್ ಕಥೆ ಅಲ್ಲ ಅದು. ಆದರೆ ಫ್ರಾಂಟ್ಸ್ ಪಾತ್ರ ಮಾಡಿದ ಬೊಗುಸ್ವಾಫ್ ಲಿಂದಾನೇ ಅದರಲ್ಲೂ ನಾಯಕ. ನಿರ್ದೇಶಕ ಕೀಶ್ಲೋವ್ಸ್ಕಿಯ ‘ಪ್ಶಿಪಾದೆಕ್’, ಆಕಸ್ಮಿಕ ಅಂತ. 1981ರಲ್ಲಿ ಚಿತ್ರೀಕರಣ ಆಯ್ತು, ಸರ್ಕಾರ ತಡೆಹಿಡೀತು, ಬಿಡುಗಡೆಯಾಗಿದ್ದು 1987ರಲ್ಲಿ. ವೈದ್ಯಕೀಯ ಓದೋ ಹುಡುಗ ರೈಲು ಹಿಡಿಯೋಕೆ ಓಡ್ತಾನೆ. ರೈಲು ಸಿಕ್ಕಿದರೆ ಕಮ್ಯುನಿಸ್ಟ್ ಪಕ್ಷ ಸೇರ್ತಾನೆ. ಇನ್ನೊಂದು ಸಲ, ರೈಲ್ವೆ ಕಾವಲುಗಾರನಿಗೆ ಡಿಕ್ಕಿ ಹೊಡೆದು ರೈಲು ತಪ್ಪಿ, ವಿರೋಧಿಗಳ ಜೊತೆ ಸೇರ್ತಾನೆ. ಮೂರನೇ ಸಲವೂ ರೈಲು ತಪ್ಪುತ್ತೆ. ಈ ಸಲ ಪ್ಲಾಟ್‌ಫಾರ್ಮಿನಲ್ಲಿ ಪರಿಚಯದ ಹುಡುಗಿ ಸಿಗ್ತಾಳೆ. ಮದುವೆ, ಮಗು, ಡಾಕ್ಟರ್ ಕೆಲಸ. ಪಕ್ಷಕ್ಕೂ ಸೇರಲ್ಲ, ವಿರೋಧಿಗಳ ಪತ್ರಕ್ಕೂ ಸಹಿ ಹಾಕಲ್ಲ. ಮನೆ, ಆಸ್ಪತ್ರೆ, ಅಷ್ಟೆ. ಆ ಮೂರನೆಯವನು ಹತ್ತಿದ ವಿಮಾನ ಆಕಾಶದಲ್ಲೇ ಸಿಡಿಯುತ್ತೆ.

— ಇದು ಅನ್ಯಾಯ. ಮನೆ ಆರಿಸಿಕೊಂಡವನನ್ನೇ ಯಾಕೆ ಕೊಲ್ಲಬೇಕು?

— ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಅನಿಸೋದೇನಂದ್ರೆ, ಕೀಶ್ಲೋವ್ಸ್ಕಿ ಅವನಿಗೆ ಶಿಕ್ಷೆ ಕೊಡ್ತಿಲ್ಲ. ಆ ದೇಶದಲ್ಲಿ ಆ ಕಾಲಕ್ಕೆ ಮನೆ ಅನ್ನೋದು ಹೊರಗಿನ ಗಾಳಿ ಬಾರದ ಜಾಗ ಆಗಿರಲಿಲ್ಲ ಅಂತ ಹೇಳ್ತಿದ್ದಾನೆ. 1992ರಲ್ಲಿ ಅದೇ ಮುಖ ಫ್ರಾಂಟ್ಸ್ ಆಗಿ ಬಂದಾಗ ಪೋಲಿಷ್ ಪ್ರೇಕ್ಷಕರು ಬೆಚ್ಚಿದ್ದಕ್ಕೆ ಅದೂ ಒಂದು ಕಾರಣ. ಆತ್ಮಸಾಕ್ಷಿಯಿದ್ದ ಯುವಕರ ಪಾತ್ರ ಮಾಡ್ತಿದ್ದವನು ಎಸ್‌ಬಿಯ ಕೋವಿ ಹಿಡಿದು ನಿಂತಿದ್ದ.

— ಆಮೇಲೆ ಆ ಫ್ರಾಂಟ್ಸ್ ಏನಾದ?

— 1994ರಲ್ಲಿ ಎರಡನೇ ಭಾಗ ಬಂತು. 2020ರಲ್ಲಿ ಮೂರನೇದು, ಇಪ್ಪತ್ತೈದು ವರ್ಷ ಜೈಲಲ್ಲಿದ್ದು ಹೊರಗೆ ಬರ್ತಾನೆ. ಸಿನಿಮಾ ಮೊದಲನೆಯದರ ಎತ್ತರಕ್ಕೆ ಏರಲ್ಲ. ಆದರೆ ಅವನು ಹೊರಗೆ ಬರೋ ಪೋಲೆಂಡಿನಲ್ಲಿ ನಿಜವಾಗಿ ನಡೆದ ಒಂದು ವಿಷಯ ನಿಮಗೆ ಹೇಳಲೇಬೇಕು. ನೀವು ಪಿಂಚಣಿದಾರರು. 2016ರ ಡಿಸೆಂಬರಿನಲ್ಲಿ ಒಂದು ಕಾನೂನು ಮಾಡಿ, ಮುಂದಿನ ವರ್ಷದ ಅಕ್ಟೋಬರಿನಿಂದ ಹಳೆಯ ಎಸ್‌ಬಿಯವರ ಪಿಂಚಣಿ ಕಡಿತ ಮಾಡಿದರು. 1990ರಲ್ಲಿ ಸಮಿತಿ ಮುಂದೆ ಪಾಸಾಗಿ, ಆಮೇಲೆ ಹೊಸ ಪೋಲೆಂಡಿನ ಪೊಲೀಸಿನಲ್ಲಿ ವರ್ಷಗಟ್ಟಲೆ ದುಡಿದು, ಪ್ರುಷ್ಕುಫ್ ಗ್ಯಾಂಗಿನ ಕಾಲದಲ್ಲಿ ಬೀದೀಲಿ ನಿಂತಿದ್ದವರದ್ದೂ ಹೋಯ್ತು.

— ಪಾಸು ಮಾಡಿ ಕೆಲಸಕ್ಕೆ ತಗೊಂಡವರು ಇವರೇ ಅಲ್ಲವಾ?

— ಅದೇ ರಾಜ್ಯ. ಇನ್ನೂ ಇದೆ. ಸತ್ತುಹೋದವರ ಹೆಂಡತಿ ಮಕ್ಕಳಿಗೆ ಬರ್ತಿದ್ದ ಕುಟುಂಬ ಪಿಂಚಣಿಗೂ ಕತ್ತರಿ ಬಿತ್ತು.

— ಅವಳೇನು ಮಾಡಿದ್ದಳು? ಆ ಹೆಂಡತಿ?

— ಈ ಪ್ರಶ್ನೆಗೆ ಇನ್ನೊಂದು ಕಡೆಯೂ ಇದೆ ಚಿಕ್ಕಪ್ಪ. 1984ರಲ್ಲಿ ಸಾಲಿಡಾರಿಟಿ ಪರವಾಗಿ ನಿಂತಿದ್ದ ಪಾದ್ರಿ, ಫಾದರ್ ಪೊಪಿಯೆವುಷ್ಕೊ ಅವರನ್ನ ಅಪಹರಿಸಿ ಕೊಂದವರು ಎಸ್‌ಬಿ ಅಧಿಕಾರಿಗಳು. ಆ ಕಾಲದಲ್ಲಿ ಜೈಲು ಸೇರಿ ಕೆಲಸ ಕಳೆದುಕೊಂಡ ಕಾರ್ಮಿಕರು ಮುದುಕರಾದ ಮೇಲೆ ಪುಡಿಗಾಸಿನ ಪಿಂಚಣಿಯಲ್ಲಿ ಬದುಕ್ತಿದ್ದಾರೆ. ಅವರನ್ನ ಹಿಂಸಿಸಿದವರು ದೊಡ್ಡ ಪಿಂಚಣಿ ತಗೊಳ್ಳೋದು ಯಾವ ನ್ಯಾಯ ಅಂತ ಅವರ ಹೆಂಡಿರೂ ಕೇಳ್ತಾರೆ. ಅವರ ಮನೆಗಳೂ ಮುರಿದಿದ್ದವು, ಆ ಮನೆಗಳನ್ನ ಮುರಿದಿದ್ದು ಈ ಗಂಡಸರ ಕರ್ತವ್ಯವೇ.

— ತಪ್ಪು ಮಾಡಿದವನನ್ನ ಹಿಡಿದು, ಹೆಸರು ಹಿಡಿದು ಕೇಸು ಹಾಕಲಿ. ನನ್ನ ಅಭ್ಯಂತರ ಇಲ್ಲ. ಪಟ್ಟಿ ಮಾಡಿ ಒಂದೇ ಗೆರೆ ಎಳೆಯೋದು ತನಿಖೆ ಅಲ್ಲ. ಅದನ್ನ ಯಾವ ಪೊಲೀಸನೂ ಒಪ್ಪಬಾರದು.

— ಸಾವಿರಾರು ಜನ ಕೋರ್ಟಿಗೆ ಹೋದರು. ಒಬ್ಬೊಬ್ಬರು ನಿಜಕ್ಕೂ ಏನು ಮಾಡಿದ್ದರು ಅಂತ ಬೇರೆ ಬೇರೆಯಾಗಿ ನೋಡಬೇಕು ಅಂತ ಎಷ್ಟೋ ನ್ಯಾಯಾಧೀಶರು ಹೇಳಿದರು, ಬಹಳ ಜನರಿಗೆ ಪಿಂಚಣಿ ವಾಪಸ್ ಬಂತು. ಆದರೆ ನಾನು ನಿಮ್ಮಷ್ಟು ಸುಲಭವಾಗಿ ಆ ಕಡೆ ನಿಲ್ಲಲಾರೆ. ಫೈಲುಗಳನ್ನ ಸುಟ್ಟವರು ಅವರೇ. ಯಾರು ಏನು ಮಾಡಿದರು ಅಂತ ಹೆಸರು ಹಿಡಿದು ಹೇಳೋಕೆ ಬೇಕಾದ ಕಾಗದ ಬೂದಿಯಾಗಿದ್ದರೆ ಕೇಸು ಯಾವುದರ ಮೇಲೆ ಹಾಕ್ತೀರಿ?

— ಬದುಕಿರೋರನ್ನ ಕೇಳಬೇಕು. ಹೊಡೆಸಿಕೊಂಡವರು ಇದ್ದಾರಲ್ಲ. ಹೊಡೆಸಿಕೊಂಡವರಿಗೆ ಹೊಡೆದವನ ಮುಖ ಮರೆಯಲ್ಲ ಮಗಳೇ, ಅದು ನನ್ನ ಅನುಭವ. ಆ ಹೇಳಿಕೆಗಳನ್ನ 1990ರಲ್ಲೇ ಬರೆದುಕೊಳ್ಳಬೇಕಾಗಿತ್ತು. ಆ ಸಮಿತಿ ಫ್ರಾಂಟ್ಸ್‌ನನ್ನ ಪ್ರಶ್ನೆ ಕೇಳಿತು ಅಂದೆಯಲ್ಲ, ಅವನ ಕೈಲಿ ಒದೆ ತಿಂದವರನ್ನ ಕರೆಸಿ ಕೇಳಿತಾ? ಆ ದೃಶ್ಯ ಇದೆಯಾ ಆ ಸಿನಿಮಾದಲ್ಲಿ?

— ಇಲ್ಲ. ಸಮಿತಿಯ ಮುಂದೆ ಇರೋನು ಅವನೊಬ್ಬನೇ.